ಅಪ್ಪನ ಕಾರಿನ ಎಂಜಿನ್ ನಂಬರು

ನಾರ್ಬರ್ಟ್ ಗ್ರಾಬರೆಕ್ ಯಾರನ್ನೂ ನಂಬುವ ಆಸಾಮಿಯಲ್ಲ. ಮೊಟ್ಟೆ ಕೊಂಡರೆ ಅಂಗಡಿಯಲ್ಲೇ ಡಬ್ಬಿ ತೆರೆದು ಒಂದೊಂದನ್ನೂ ತಿರುಗಿಸಿ ನೋಡುತ್ತಾನೆ. ಚರ್ಚಿನ ಲಾಟರಿಯಲ್ಲಿ ಪಾದ್ರಿಯ ತಂಗಿಗೇ ಬಹುಮಾನ ಬಂದ ವರ್ಷ, ಚೀಟಿ ಎತ್ತಿದ ಡಬ್ಬವನ್ನು ತನಗೊಮ್ಮೆ ತೋರಿಸಿ ಅಂತ ಪಾದ್ರಿಯನ್ನೇ ಕೇಳಿದ್ದ. ಪಾದ್ರಿ ತೋರಿಸಿದರು. ಡಬ್ಬದಲ್ಲಿ ಏನೂ ಸಿಗಲಿಲ್ಲ. ಅಷ್ಟು ಚೊಕ್ಕಟವಾಗಿ ಒರೆಸಿಟ್ಟಿದ್ದು ಯಾಕೆ ಅಂತ ಅವನು ಈಗಲೂ ಕೇಳುತ್ತಾನೆ. ಇಂಥವನ ಜೊತೆ ಹೇಗೆ ಬಾಳಿದೆಯೇ ಅಂತ ಅವನ ಹೆಂಡತಿ ಬರ್ನಿಸ್‌ಳನ್ನು ಕೇಳಿದರೆ, "ನನ್ನ ಹತ್ರ ಮುಚ್ಚಿಡೋ ಅಂಥದ್ದು ಏನೂ ಇಲ್ಲ ಕಣೆ, ಅದೇ ನನ್ನ ಪುಣ್ಯ" ಅನ್ನುತ್ತಾಳೆ.

ಕಾರು ಕಾರ್ಖಾನೆಗಳ ನಮ್ಮ ಊರು ಟೊಲೆಡೊದಲ್ಲಿ ಈ ದುರ್ಗುಣಕ್ಕೂ ಒಂದು ಉಪಯೋಗವಿದೆ. ಅರವತ್ತರ ದಶಕದ ಕೊನೆಯಲ್ಲಿ ಬಂದ ದೊಡ್ಡ ಎಂಜಿನ್ನಿನ ಮಸಲ್ ಕಾರುಗಳನ್ನು ಇಲ್ಲಿನ ಗಂಡಸರು ಹೆಂಡತಿ ಮಕ್ಕಳಿಗಿಂತ ಹೆಚ್ಚು ಒರೆಸುತ್ತಾರೆ. ಸಾಧಾರಣ ಕಾರಿಗೆ ಎಲ್ಲಿಂದಲೋ ತಂದ ದೊಡ್ಡ ಎಂಜಿನ್ ಕೂರಿಸಿ, ಬಾನೆಟ್ಟಿಗೆ ಎರಡು ಪಟ್ಟೆ ಬಳಿದು, ಅಸಲಿ ಅಂತ ದಾಟಿಸುವವರೂ ಇದ್ದಾರೆ. ಅದನ್ನು ಕಂಡುಹಿಡಿಯುವ ದಾರಿ ಒಂದೇ. ಕಾರ್ಖಾನೆಯವರು ಪ್ರತಿ ಕಾರಿಗೂ ಒಂದು ನಂಬರು ಕೊಟ್ಟು, ಡ್ಯಾಶ್‌ಬೋರ್ಡಿನ ಮೇಲಿನ ತಗಡಿನಲ್ಲಿ ಅದನ್ನು ಪೂರ್ತಿಯಾಗಿ ಒತ್ತುತ್ತಿದ್ದರು. ಅದರದೇ ಕೊನೆಯ ಅಂಕಿಗಳನ್ನು ಎಂಜಿನ್ನಿನ ಮೈಮೇಲೂ ಒತ್ತುತ್ತಿದ್ದರು. ಎರಡೂ ತಾಳೆಯಾದರೆ ಎಂಜಿನ್ ಆ ಕಾರಿನ ಜೊತೆಗೇ ಹುಟ್ಟಿದ್ದು. ಇಲ್ಲವಾದರೆ ಯಾರೋ ಬದಲಾಯಿಸಿದ್ದು.

ನಾರ್ಬರ್ಟ್ ಒಂದು ಪುಟ್ಟ ಕನ್ನಡಿ, ಒಂದು ಟಾರ್ಚು ಹಿಡಿದು ಬರುತ್ತಾನೆ. ಮಾಲೀಕ ಬಾಯಿ ಬಿಟ್ಟರೆ ಕೈ ಎತ್ತಿ ತಡೆಯುತ್ತಾನೆ. ತಗಡಿಗೆ ಹೊಡೆದ ರಿವೆಟ್ಟುಗಳನ್ನು ಉಗುರಿನಿಂದ ಕೆರೆಯುತ್ತಾನೆ, ಗಾಜಿನ ಮೂಲೆಯ ಗುರುತು ಓದುತ್ತಾನೆ, ಅಂಕಿಗಳನ್ನು ಓರೆ ಬೆಳಕಿನಲ್ಲಿ ನೋಡುತ್ತಾನೆ. ಅಂಕಿಗಳು ನೆಟ್ಟಗೆ ಸಾಲಾಗಿ ನಿಂತಿದ್ದರೆ ಅವನ ಮುಖ ಗಂಟಾಗುತ್ತದೆ. ಅಪ್ಪನ ಜೊತೆ ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ದುಡಿದವನು. ಊಟದ ಗಂಟೆಗೆ ಮುಂಚೆ ಅವಸರದಲ್ಲಿ ಸುತ್ತಿಗೆ ಹಿಡಿದ ಕೈ ಎಂಥ ವಾರೆ ಅಂಕಿ ಒತ್ತುತ್ತದೆ ಅಂತ ಅವನಿಗೆ ಗೊತ್ತು. ಒಮ್ಮೆ ಒಬ್ಬನ ಕೆಂಪು ಕಾರನ್ನು ನೋಡಿ ಮುಗಿಸಿ, "ಬಹಳ ಮುದ್ದಾದ ಅಕ್ಷರ. ನಿಮ್ಮ ಅಳಿಯಂದಿರದ್ದಾ?" ಅಂದಿದ್ದ. ಆ ಮನುಷ್ಯ ಆಮೇಲೆ ನಮ್ಮ ಓಣಿಗೇ ಬರಲಿಲ್ಲ.

ನಾನು ಡೋರೀನ್. ಈ ಕಾರುಗಳಿಗೆ ಸೀಟು ಹೊಲಿಯುವವಳು. ನಾರ್ಬರ್ಟ್ ನಾನು ಒಂದೇ ಬೀದಿಯಲ್ಲಿ ಬೆಳೆದವರು. ಅದಕ್ಕೇ ಅವನ ತಮ್ಮ ಲಿಯಾನನ ವಿಷಯ ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಅವರಪ್ಪ ಆಲೋಯ್ಸ್ ಜೀವಮಾನದಲ್ಲಿ ಮಾಡಿದ ಒಂದೇ ದುಂದು ಅಂದರೆ ಅರವತ್ತೊಂಬತ್ತರಲ್ಲಿ ಕೊಂಡ ಹೊಸ ಕಾರು. ಕಡು ಹಸಿರು ಬಣ್ಣ, ಹೊರಟರೆ ಪಕ್ಕದ ಮನೆಯ ಕಿಟಕಿಗಳು ಅದುರುತ್ತಿದ್ದವು. ಕೊನೆಗಾಲದಲ್ಲಿ ಅಪ್ಪ ಲಿಯಾನನ ಮನೆಯಲ್ಲಿದ್ದರು, ಕಾರೂ ಅಲ್ಲೇ ಇತ್ತು. ಅಪ್ಪ ತೀರಿಕೊಂಡ ಮಾರನೆಯ ದಿನ ನಾರ್ಬರ್ಟ್ ಹೋಗಿ ಬಾನೆಟ್ ಎತ್ತಿದ. ಎಂಜಿನ್ನಿನ ಮುಂಭಾಗದಲ್ಲಿ, ನಂಬರು ಒತ್ತುವ ಚಪ್ಪಟೆ ಜಾಗದಲ್ಲಿ, ಎಂಜಿನ್ ಕಾರ್ಖಾನೆಯ ಗುರುತು ಮಾತ್ರ ಇತ್ತು. ಕಾರಿನ ನಂಬರು ಇರಲಿಲ್ಲ.

ಮಣ್ಣು ಮಾಡಿ ಬಂದು, ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ನಾರ್ಬರ್ಟ್ ತಟ್ಟೆ ಸರಿಸಿ ಎದ್ದು ನಿಂತು, "ಅಪ್ಪ ಹಾಸಿಗೆ ಹಿಡಿದಿದ್ದಾಗ ಲಿಯಾನ್ ಎಂಜಿನ್ ಮಾರ್ಕೊಂಡಿದಾನೆ" ಅಂದ. ಲಿಯಾನ್ ತಲೆ ಎತ್ತಿ, "ನಾನು ಮುಟ್ಟಿಲ್ಲ" ಅಂದ. ಅಷ್ಟೇ. ಆಣೆಯಿಲ್ಲ, ಜಗಳವಿಲ್ಲ. ಕಳ್ಳನಾದರೆ ಕೂಗಾಡುತ್ತಿದ್ದ ಅಂತ ಅರ್ಧ ಜನ, ಸಾಚಾ ಆಗಿದ್ದರೆ ಕೂಗಾಡುತ್ತಿದ್ದ ಅಂತ ಇನ್ನರ್ಧ ಜನ. ಆ ವರ್ಷವೇ ಲಿಯಾನ್ ಕಾರನ್ನು ಯಾರಿಗೋ ಮಾರಿಬಿಟ್ಟ. ಅದೂ ಅವನ ತಲೆಗೇ ಬಂತು. ಅಂದಿನಿಂದ, ಮೂವತ್ತು ವರ್ಷವಾಯಿತು, ಲಿಯಾನ್ ಶನಿವಾರ ಸಂಜೆಯ ಪೂಜೆಗೆ ಬರುತ್ತಾನೆ, ನಾರ್ಬರ್ಟ್ ಭಾನುವಾರದ್ದಕ್ಕೆ. ಕ್ರಿಸ್ಮಸ್‌ನ ಹಿಂದಿನ ಸಂಜೆ ಹಪ್ಪಳದಂಥ ರೊಟ್ಟಿ ಮುರಿದು ಮನೆಯವರೆಲ್ಲ ಒಬ್ಬರಿಗೊಬ್ಬರು ಹಂಚುವುದು ನಮ್ಮ ಪೋಲಿಷ್ ಮನೆಗಳ ಪದ್ಧತಿ. ಗ್ರಾಬರೆಕ್‌ಗಳದ್ದು ಎರಡು ಮನೆಯಲ್ಲಿ ಬೇರೆ ಬೇರೆಯಾಗಿ ಮುರಿಯುತ್ತದೆ.

ಹೋದ ವಸಂತದಲ್ಲಿ ಇಂಡಿಯಾನಾದಿಂದ ಕರ್ಟಿಸ್ ಅನ್ನುವವನೊಬ್ಬ ಸೀಟು ಹೊಲಿಸಲು ಹಸಿರು ಕಾರೊಂದನ್ನು ತಂದ. ಹೊಸದಾಗಿ ಕೊಂಡಿದ್ದನಂತೆ. ಎಂಜಿನ್ ಮೂಲದ್ದೋ ಅಲ್ಲವೋ ಅಂತ ನಿಮ್ಮೂರಿನ ಆ ಅನುಮಾನದ ಮನುಷ್ಯನಿಂದ ಒಮ್ಮೆ ನೋಡಿಸಿಬಿಡಿ ಅಂತ ಬೀಗದ ಕೈ ಕೊಟ್ಟು ಹೋದ. ನಾರ್ಬರ್ಟ್ ಬಂದ, ಗಾಜಿನ ಮೂಲಕ ಬಗ್ಗಿ ಡ್ಯಾಶ್‌ಬೋರ್ಡಿನ ನಂಬರು ಓದಿದ, ಹಾಗೇ ನಿಂತ.

"ಇದನ್ನ ಇಲ್ಲಿಗೆ ಯಾರು ಕಳಿಸಿದ್ದು?"

"ಯಾಕೆ?"

"ಕೇಳಿದ್ದಕ್ಕೆ ಹೇಳು ಡೋರೀನ್. ಲಿಯಾನ್ ಕಳಿಸಿದ್ನಾ? ನೀನೂ ಸೇರ್ಕೊಂಡಿದೀಯಾ?"

"ಇಂಡಿಯಾನಾದವನು ತಂದಿದ್ದು ಮಾರಾಯ. ಏನಾಯ್ತು ಹೇಳು."

"ನಮ್ಮಪ್ಪನ ಕಾರು ಇದು. ನಂಬರು ನನಗೆ ಬಾಯಿಪಾಠ."

ನಾನು ಕತ್ತರಿ ಕೆಳಗಿಟ್ಟು ಹತ್ತಿರ ಬಂದೆ. ಅವನು ತಗಡಿನ ರಿವೆಟ್ಟು ಕೆರೆದ, ಬಾಗಿಲ ಒಳಗಿನ ಹಸಿರು ಬಣ್ಣ ನೋಡಿದ, ಕೊನೆಗೆ ಕಾರು ಅದೇ ಅಂತ ಒಪ್ಪಿದ. ಆಮೇಲೆ ಬಾನೆಟ್ ಎತ್ತಿ ಮುಂಭಾಗದ ಚಪ್ಪಟೆ ಜಾಗ ಒರೆಸಿದ. ಅಲ್ಲಿ ಕಾರಿನ ನಂಬರಿರಲಿಲ್ಲ. ಅವನ ಮುಖದ ಮೇಲೆ ಸಮಾಧಾನ ಕಂಡಿತು. ಅದನ್ನು ನೋಡಿ ನನಗೆ ಸಿಟ್ಟು ಬಂತು.

"ನೋಡಿದ್ಯಾ? ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ" ಅಂತ ಟಾರ್ಚು ಆರಿಸಿದ.

"ಫಿಲ್ಟರ್ ಹತ್ರ ನೋಡಲ್ವಾ?"

ಈ ಮಾತು ನಾನು ಸುಮ್ಮನೆ ಆಡಿದ್ದಲ್ಲ. ಆ ವರ್ಷದ ಕೆಲವು ಕಾರುಗಳಿಗೆ ಮುಂಭಾಗದ ಬದಲು ಕೆಳಗೆ ಆಯಿಲ್ ಫಿಲ್ಟರ್ ಪಕ್ಕದಲ್ಲಿ ನಂಬರು ಒತ್ತಿದ್ದಾರೆ ಅಂತ ನನಗೆ ಹೇಳಿಕೊಟ್ಟವನು ನಾರ್ಬರ್ಟೇ. ಅಪ್ಪ ಸತ್ತಾಗ ಅವನಿಗೆ ಅದು ತಿಳಿದಿರಲಿಲ್ಲ. ಆಮೇಲೆ ಬೇರೆಯವರ ಕಾರು ನೋಡುತ್ತಾ ತಿಳಿಯಿತು. ತಿಳಿದ ದಿನ ಅಪ್ಪನ ಕಾರು ನೆನಪಾಗಲಿಲ್ಲವೇ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೆ, ಕೇಳಿರಲಿಲ್ಲ. ಜಗತ್ತನ್ನೆಲ್ಲ ಅನುಮಾನಿಸುವವನು ತನ್ನ ಒಂದು ಮಾತನ್ನು ಮಾತ್ರ ಅನುಮಾನಿಸಿರಲಿಲ್ಲ.

"ಅಲ್ಲಿ ನೋಡೋ ಅಗತ್ಯ ಇಲ್ಲ" ಅಂದ.

"ಪಾದ್ರಿಯ ಡಬ್ಬ ನೋಡೋ ಅಗತ್ಯ ಇತ್ತಾ? ಕೊಡು ಇಲ್ಲಿ ಕನ್ನಡಿ, ನಾನೇ ನೋಡ್ತೀನಿ."

ಕನ್ನಡಿ ಕೊಡಲಿಲ್ಲ. ಕಾರಿಗೆ ಜಾಕ್ ಕೊಟ್ಟು, ರಟ್ಟು ಹಾಸಿ, ಗೊಣಗುತ್ತಲೇ ಕೆಳಗೆ ಸರಿದ. ವಯಸ್ಸಾದ ಮೊಣಕಾಲುಗಳು ಹೊರಗೆ ಉಳಿದವು. ತಂತಿಯ ಬ್ರಷ್ಷು ತಿಕ್ಕುವ ಸದ್ದು ಕೇಳಿಸಿತು. ಆಮೇಲೆ ಅದು ನಿಂತಿತು.

"ನಾರ್ಬರ್ಟ್?"

"ಇದೆ."

"ಅದೇನಾ?"

"ಅದೇ." ಕೆಳಗಿನಿಂದಲೇ, "ಲಿಯಾನ್ ಆಮೇಲೆ ಒತ್ತಿಸಿರ್ತಾನೆ. ನನ್ನ ತಲೆ ತಗ್ಗಿಸೋಕೆ" ಅಂದ.

ಬ್ರಷ್ಷು ಮತ್ತೆ ಶುರುವಾಯಿತು. ಅವನಿಗೆ ಅವನದೇ ಟಾರ್ಚಿಗೆ ಸುಳ್ಳು ಹೇಳಲು ಬರುವುದಿಲ್ಲ. ಅಷ್ಟು ಮಾತ್ರ ನಾನು ಅವನ ಪರವಾಗಿ ಎಲ್ಲಿ ಬೇಕಾದರೂ ಹೇಳುತ್ತೇನೆ. ಅಂಕಿಗಳ ತಳದಲ್ಲಿ ಹಳೆಯ ತುಕ್ಕು, ಅದರ ಮೇಲೆ ಕಲ್ಲಾಗಿ ಕೂತ ಜಿಡ್ಡು, ಸೂಜಿಯಿಂದ ಎಬ್ಬಿಸಬೇಕಾಯಿತು. ಹೊರಗೆ ಬಂದು ರಟ್ಟಿನ ಮೇಲೇ ಕೂತ.

"ಸುಳ್ಳು ನಂಬರು ಒತ್ತುವವನು ಎಲ್ಲರಿಗೂ ಕಾಣೋ ಕಡೆ, ಮುಂದೆ ಒತ್ತುತ್ತಾನೆ" ಅಂದ. "ಯಾರೂ ನೋಡದ ಕಡೆ ಒತ್ತಿ ಅವನಿಗೇನು ಲಾಭ."

"ಅಂದ್ರೆ?"

"ಅಂದ್ರೆ ಅವನು ಮುಟ್ಟಿಲ್ಲ."

ಅಷ್ಟು ಹೇಳಿ ಕೈ ಒರೆಸಿಕೊಳ್ಳುತ್ತಾ ಕೂತ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ನನಗೆ ಅವನ ಮೇಲಿದ್ದ ಸಿಟ್ಟು ಇಳಿದು ಅಯ್ಯೋ ಅನಿಸಿತು. ಚರ್ಚಿನಲ್ಲಿ ಅಷ್ಟು ಜನರ ಮುಂದೆ ಕಳ್ಳ ಅಂದವನು ಈಗ ಯಾರ ಮುಂದೆ ಅಲ್ಲ ಅನ್ನಬೇಕು? ಊಟಕ್ಕೆ ಕೂತಿದ್ದವರಲ್ಲಿ ಮುಕ್ಕಾಲು ಪಾಲು ಜನ ಮಣ್ಣಲ್ಲಿದ್ದಾರೆ. ಆ ಮಾತು ಕೇಳಬೇಕಾದವನು ಲಿಯಾನ್ ಒಬ್ಬ.

ನನ್ನ ವ್ಯಾನಿನಲ್ಲೇ ಲಿಯಾನನ ಮನೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಒಂದೇ ಮಾತಾಡಿದ, "ಅವನು ಬಾಗಿಲು ತೆಗೀತಾನೆ ಅಂತ ಏನು ಗ್ಯಾರಂಟಿ?" ಗ್ಯಾರೇಜಿನ ಬಾಗಿಲು ತೆಗೆದೇ ಇತ್ತು. ಲಿಯಾನ್ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡಿಗೆ ಅರ ಹಾಕುತ್ತಿದ್ದ. ಅಣ್ಣನನ್ನು ನೋಡಿ ಕೈ ನಿಲ್ಲಿಸಿದ.

"ಯಾರು ಸತ್ರು?"

"ಯಾರೂ ಇಲ್ಲ" ಅಂದ ನಾರ್ಬರ್ಟ್. "ಅಪ್ಪನ ಕಾರು ಸಿಕ್ತು. ಡೋರೀನ್ ಅಂಗಡೀಲಿದೆ. ಎಂಜಿನ್ ಅದರದ್ದೇ."

"ನಂಬರ್ ಎಲ್ಲಿತ್ತು?"

"ಕೆಳಗೆ. ಫಿಲ್ಟರ್ ಪಕ್ಕ."

"ಹೂಂ. ಕೊನೇ ಅಂಕಿ ಸ್ವಲ್ಪ ವಾರೆಯಾಗಿದೆ, ಅಲ್ವಾ?"

ನಾರ್ಬರ್ಟ್ ನನ್ನ ಕಡೆ ತಿರುಗಿದ. ನನಗೂ ಇದು ಹೊಸದು.

"ನಿನಗೆ ಗೊತ್ತಿತ್ತಾ?" ಅಂತ ತಮ್ಮನನ್ನು ಕೇಳಿದ.

"ನೀನು ಚರ್ಚಲ್ಲಿ ಎದ್ದು ನಿಂತ್ಯಲ್ಲ, ಆ ವಾರಾನೇ ಕೆಳಗೆ ಮಲಗಿ ಹುಡುಕ್ದೆ. ಎಲ್ಲಿ ಅಪ್ಪಾನೇ ಬದಲಾಯಿಸಿದ್ರೋ ಅಂತ ನನಗೂ ಅನುಮಾನ ಹುಟ್ಟಿಸಿಬಿಟ್ಟಿದ್ದೆ ನೀನು. ಸಿಕ್ತು. ಒರೆಸಿ ನೋಡಿ, ಮತ್ತೆ ಗ್ರೀಸ್ ಬಳಿದೆ."

"ಒಂದು ಮಾತು ಹೇಳಬಾರದಿತ್ತಾ ಲಿಯಾನ್?"

"ಹೇಳಿದ್ನಲ್ಲ. ಮುಟ್ಟಿಲ್ಲ ಅಂತ ಹೇಳಿದ್ದೆ."

"ತೋರಿಸಬಹುದಿತ್ತು."

"ತೋರಿಸಿದ್ರೆ ನೀನು ನಂಬರನ್ನ ನಂಬ್ತಿದ್ದೆ, ನನ್ನನ್ನಲ್ಲ" ಅಂದ ಲಿಯಾನ್. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ನನಗೆ ಅದು ಬೇಕಿರಲಿಲ್ಲ."

ನಾರ್ಬರ್ಟ್ ಗ್ಯಾರೇಜಿನ ಕಂಬ ಹಿಡಿದುಕೊಂಡ. ಕಣ್ಣು ತುಂಬಿತ್ತು. ಆಮೇಲೆ ಅವನ ಬಾಯಿಂದ ಬಂದಂಥ ಮಾತನ್ನು ನಾನಂತೂ ಅದುವರೆಗೆ ಕೇಳಿರಲಿಲ್ಲ.

"ಈಗ ನಿನ್ನನ್ನ ನಂಬ್ತೀನಿ ಕಣೋ."

ಲಿಯಾನ್ ಬ್ಲೇಡನ್ನು ಬೆಳಕಿಗೆ ಹಿಡಿದು ಅಲಗು ನೋಡಿದ.

"ಈಗ ನಂಬೋದೇನಿದೆ," ಅಂದ, "ನೋಡ್ಕೊಂಡು ಬಂದಿದೀಯಲ್ಲ."