ತನಿಯಾರ್ ಯಾರು?

ನುಂಗಂಬಾಕ್ಕಂನಲ್ಲಿ ನಮ್ಮ ಬೀದಿಯ ಪಾರ್ಕನ್ನು ಯಾರೂ ಹೊಗಳುವಂತಿರಲಿಲ್ಲ. ಗೇಟಿಗೆ ಒಂದು ಬಾಗಿಲೇ ಇರಲಿಲ್ಲ, ಆಡುಗಳು ಮನೆಮಕ್ಕಳ ಹಾಗೆ ಒಳಗೆ ಬಂದು ಹೋಗುತ್ತಿದ್ದವು. ಎಂಬತ್ತರ ದಶಕದ ಮೊದಲ ವರ್ಷಗಳವು. ಮದ್ರಾಸಿನವರಿಗೇ ಕುಡಿಯಲು ನೀರಿಲ್ಲ, ಇನ್ನು ಹುಲ್ಲಿಗೆ ಯಾರು ಹಾಕುತ್ತಾರೆ? ಆದರೂ ಬಿಸಿಲು ಇಳಿಯಿತೆಂದರೆ ನಾನು ಅಲ್ಲಿರುತ್ತಿದ್ದೆ.

ಧಾರವಾಡದಿಂದ ಮದುವೆಯಾಗಿ ಬಂದವಳು ನಾನು. ಗಂಡನಿಗೆ ವಿಮಾ ಕಂಪನಿಯಲ್ಲಿ ಕೆಲಸ. ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಅತ್ತೆ, ಮೈದುನ, ನಾವಿಬ್ಬರು. ಕಿಟಕಿಯ ಹತ್ತಿರ ಸ್ವಲ್ಪ ನಿಂತರೂ "ಏನ್ ನೋಡ್ಲಿಕ್ಕತ್ತೀ?" ಎಂದು ಅತ್ತೆ ಕೇಳುತ್ತಿದ್ದರು. ಕೆಟ್ಟವರಲ್ಲ, ಕೇಳುವುದು ಅವರಿಗೆ ಅಭ್ಯಾಸ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ತರಕಾರಿ ತರುವ ನೆಪದಲ್ಲಿ ಹೊರಬಿದ್ದು, ಪಾರ್ಕಿನ ಬಾದಾಮಿ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತರೆ ಮಾತ್ರ ಅದು ಇಳಿಯುತ್ತಿತ್ತು. ಅಲ್ಲಿಗೆ ಉಡುಪಿ ಕಡೆಯ ಒಬ್ಬ ಹೆಂಗಸೂ ಬರುತ್ತಿದ್ದರು. ಅವರ ಗಂಡ ಪಕ್ಕದ ರಸ್ತೆಯಲ್ಲಿ ಹೋಟೆಲ್ ನಡೆಸುತ್ತಿದ್ದರು. ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಅರ್ಧ. ಅಷ್ಟೇ ಸಾಕಿತ್ತು, ಏಕೆಂದರೆ ಹೆಚ್ಚಿನ ಹೊತ್ತು ನಾವು ಮಾತೇ ಆಡುತ್ತಿರಲಿಲ್ಲ.

ಒಂದು ದಿನ ಸುದ್ದಿ ಬಂತು. ಪಾರ್ಕನ್ನು ಕಾರ್ಪೊರೇಷನ್‌ನವರು ಗುತ್ತಿಗೆಗೆ ಕೊಡುತ್ತಾರಂತೆ. ಸುತ್ತ ಬೇಲಿಯಂತೆ, ಬೋರ್‌ವೆಲ್ಲಂತೆ, ಕಾರಂಜಿಯಂತೆ, ಬಾಗಿಲಲ್ಲಿ ಟಿಕೆಟ್ಟಂತೆ. ಊಟಕ್ಕೆ ಕೂತಾಗ ಗಂಡ, "ಚಲೋನ ಆತು ಬಿಡು. ಫುಕಟ್ ಇದ್ದದ್ದನ್ನ ಯಾರೂ ಜ್ವಾಕಿ ಮಾಡೂದಿಲ್ಲ" ಎಂದರು. ಅತ್ತೆಯೂ, "ಆಡು ಒಳಗ ಬರೂದಾದ್ರೂ ತಪ್ಪತದ" ಎಂದರು. ಅವರ ಮಾತು ತಪ್ಪೆನ್ನಲು ನನ್ನಿಂದಾಗಲಿಲ್ಲ. ಆ ಒಣ ನೆಲ ನೋಡಿದ ಯಾರಿಗಾದರೂ ಹಾಗೇ ಅನ್ನಿಸಬೇಕು. ಆದರೆ ನನ್ನ ಚಿಂತೆಯೇ ಬೇರೆ. ಟಿಕೆಟ್ ಎಷ್ಟೇ ಕಡಿಮೆಯಿರಲಿ, ಮನೆಯಲ್ಲಿ ಕೈಯೊಡ್ಡಿ ದುಡ್ಡು ಕೇಳಬೇಕು. ಕೇಳಿದರೆ ಯಾಕೆ ಅನ್ನುತ್ತಾರೆ. ಸುಮ್ಮನೆ ಕೂರುವುದಕ್ಕೆ ಎಂದು ಯಾವ ಸೊಸೆ ಹೇಳಿಯಾಳು?

ಬೀದಿಯವರ ಅಭಿಪ್ರಾಯ ಕೇಳಲು ಕಾರ್ಪೊರೇಷನ್ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಪಾರ್ಕಿನಲ್ಲೇ ಸಭೆ. ಗಂಡಸರು ಮುಂದೆ ಕುರ್ಚಿಗಳಲ್ಲಿ, ನಾವು ಹೆಂಗಸರು ಹಿಂದೆ ನಿಂತು. ಕೆಲವರು ಬೇಕೆಂದರು, ಕೆಲವರು ಬೇಡವೆಂದು ಕೂಗಾಡಿದರು. ಅಧಿಕಾರಿ ಸಾಧು ಮನುಷ್ಯ. ಬೆವರೊರೆಸಿಕೊಳ್ಳುತ್ತ ತಮಿಳಿನಲ್ಲಿ ವಿವರಿಸಿದರು. ತನಿಯಾರ್ ಬೋರ್‌ವೆಲ್ ಹಾಕಿಸುತ್ತಾರೆ, ತನಿಯಾರ್ ದೀಪ ಹಾಕಿಸುತ್ತಾರೆ, ಎಲ್ಲವನ್ನೂ ತನಿಯಾರ್ ನೋಡಿಕೊಳ್ಳುತ್ತಾರೆ. ನನ್ನ ತಮಿಳು ಆಗ ತರಕಾರಿ ಅಂಗಡಿಯಲ್ಲಿ ಕಲಿತದ್ದು, ಬದನೆಕಾಯಿ ದಾಟಿದರೆ ಕುಂಟುತ್ತಿತ್ತು. ಮುದಲಿಯಾರ್ ಇದ್ದ ಹಾಗೆ ಈ ತನಿಯಾರ್ ಯಾರೋ ದೊಡ್ಡ ಮನುಷ್ಯರು ಎಂದುಕೊಂಡೆ. ನಮ್ಮ ಪಾರ್ಕಿನ ಮೇಲೆ ಇಷ್ಟು ಆಸೆ ಇರುವವರು ಬಂದು ಒಮ್ಮೆ ಮುಖ ತೋರಿಸಬಾರದೇ? ಸಿಟ್ಟು ನೆತ್ತಿಗೇರಿತು.

"ಸಾರ್, ಅಂದ ತನಿಯಾರ್ ಯಾರು? ಇಂಗೆ ವಂದಿರುಕ್ಕಾರಾ?" ಅವರು ಯಾರು, ಇಲ್ಲಿಗೆ ಬಂದಿದ್ದಾರೆಯೇ ಎಂದು ಜೋರಾಗಿ ಕೇಳಿಯೇಬಿಟ್ಟೆ.

ಇಡೀ ಸಭೆ ಗೊಳ್ಳೆಂದು ನಕ್ಕಿತು. ಹೋಟೆಲಿನವರ ಹೆಂಡತಿ ನನ್ನ ಸೆರಗು ಜಗ್ಗಿ, "ಅದು ಹೆಸರಲ್ಲ ಮಾರಾಯ್ತಿ. ತನಿಯಾರ್ ಅಂದ್ರೆ ಪ್ರೈವೇಟ್‌ನವ್ರು" ಎಂದು ಪಿಸುಗುಟ್ಟಿದರು. ಭೂಮಿ ಬಾಯಿ ಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ.

ನಗು ಇಳಿಯುತ್ತಿದ್ದಂತೆ ಮುಂದಿನ ಕುರ್ಚಿಯಿಂದ ಒಬ್ಬ ಮುದುಕರು ಎದ್ದರು. ಆ ಅಮ್ಮ ಕೇಳಿದ್ದು ಸರಿಯಾಗಿಯೇ ಇದೆಯಲ್ಲ, ಯಾರು ಆ ಪ್ರೈವೇಟ್‌ನವರು, ಹೇಳಿ ಎಂದರು. ಆಮೇಲೆ ಬೇಕೆಂದವರೂ ಅದನ್ನೇ ಕೇಳತೊಡಗಿದರು. ಅಧಿಕಾರಿಗೆ ಗೊತ್ತಿರಲಿಲ್ಲ, ಪಾಪ, ಅವರಿಗೂ ಯಾರೂ ಹೇಳಿರಲಿಲ್ಲ. ವಿಚಾರಿಸಿ ತಿಳಿಸುತ್ತೇನೆಂದು ಹೋದರು.

ನನ್ನ ಪ್ರತಾಪದ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಗಂಡ ಮುಸಿಮುಸಿ ನಕ್ಕರು.

ಕೆಲವು ವಾರ ಕಳೆದು ಅಧಿಕಾರಿ ಮತ್ತೆ ಬಂದರು. ಆ ಪ್ರೈವೇಟ್‌ನವರು ಯಾರೆಂದು ಮೇಲಿನವರೂ ಹೇಳಲಿಲ್ಲ, ಗುತ್ತಿಗೆಯ ಮಾತು ಸದ್ಯಕ್ಕೆ ನಿಂತಿದೆ, ನೀವೂ ಪಾರ್ಕನ್ನು ಸ್ವಲ್ಪ ನೋಡಿಕೊಳ್ಳಿ ಎಂದರು. ಗೇಟಿಗೆ ಒಂದು ಬಾಗಿಲನ್ನೂ ಹಾಕಿಸಿಕೊಟ್ಟರು. ನಾವು ಹೆಂಗಸರು ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ತಂದು ಗಿಡಗಳಿಗೆ ಹಾಕತೊಡಗಿದೆವು. ಆಡುಗಳಿಗೆ ಮಾತ್ರ ಬೇಸರವಾಗಿರಬೇಕು.

ಒಂದು ಸಂಜೆ ಅತ್ತೆ ಗೇಟಿನಲ್ಲಿ ಕಾಣಿಸಿಕೊಂಡರು. ನಾನು ಖಾಲಿ ತರಕಾರಿ ಚೀಲವನ್ನು ಮಡಿಲಿಗೆ ಎಳೆದುಕೊಂಡೆ. "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ" ಎಂದು ಪಕ್ಕದಲ್ಲಿದ್ದ ಉಡುಪಿಯಾಕೆ ಮೆಲ್ಲಗೆ ನಕ್ಕರು. ಅತ್ತೆ ಬೆಂಚಿನ ತುದಿಯಲ್ಲಿ ಕೂತು ಮೊಣಕಾಲು ತಿಕ್ಕಿಕೊಂಡರು.

"ದಿನಾ ಇಲ್ಲಿ ಬಂದು ಏನ್ ಮಾಡ್ತೀ?"

ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. "ಏನೂ ಇಲ್ರಿ ಅತ್ತಿ. ಸುಮ್ನ ಕೂಡ್ತೀನಿ."

ಮಕ್ಕಳ ಚೆಂಡು ಕಾಲಬಳಿ ಉರುಳಿ ಬಂದರೆ ತಳ್ಳಿಕೊಟ್ಟರು. ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಈ ಹೆಂಗಸು ಕೈಯಲ್ಲಿ ಕೆಲಸವಿಲ್ಲದೆ ಒಂದು ಕಡೆ ಕೂತದ್ದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ.

"ಹಂಗಾದ್ರ ನಾಳೆ ಬರೂವಾಗ ನನ್ನನ್ನೂ ಕರಿ" ಎಂದರು.

ನಿಜ ಹೇಳಬೇಕೆಂದರೆ, ಖುಷಿಯ ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ಆ ಬೆಂಚು ನನ್ನದೇ ಎಂದುಕೊಂಡಿದ್ದೆ. ಆದರೂ ಅವರು ಕಾಲು ಚಾಚಿಕೊಳ್ಳಲಿ ಎಂದು ಸ್ವಲ್ಪ ಸರಿದು ಕೂತೆ.