ಅಡುಗೆ ಅಕ್ಕಾರ ನಂಬರು

ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದೆ, ಅಡಿಕೆ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ಕೂತು ನಾನು ಬೇರೆಯವರು ಬರೆದ ಕರ್ನಲ್ ಕೋಡಿನಲ್ಲಿ ಹುಳುಕು ಹುಡುಕುತ್ತೇನೆ. ಕರ್ನಲ್ ಅಂದರೆ ಕಂಪ್ಯೂಟರಿನ ಒಳಗೆ ಕೂತು ಯಜಮಾನಿಕೆ ನಡೆಸುವ ಪ್ರೋಗ್ರಾಂ. ಇದಕ್ಕೆ ನನಗೆ ಸಂಬಳ ಕೊಡುತ್ತಾರೆ. "ಮಂದಿ ತಪ್ಪು ಹುಡುಕಾಕೆ ರೊಕ್ಕ ಕೊಡ್ತಾರಾ? ನಾನು ಇಷ್ಟು ವರ್ಷ ಪುಕ್ಕಟೆ ಮಾಡಿದೆನಲ್ಲೇ!" ಎಂದು ನನ್ನ ಅತ್ತೆ ನಿಜವಾಗಿಯೂ ಹೊಟ್ಟೆ ಉರಿದುಕೊಂಡಿದ್ದರು.

ಆಗ ನನ್ನ ಪಾಲಿಗೆ ಬಂದಿದ್ದು ಹೈಪರ್‌ವೈಸರಿನ ಒಂದು ಪ್ಯಾಚ್, ಅಂದರೆ ಕೋಡಿಗೆ ಹಾಕುವ ತೇಪೆ. ಹೈಪರ್‌ವೈಸರ್ ಎಂಬುದು ಒಂದೇ ಯಂತ್ರವನ್ನು ಹಲವು ಸುಳ್ಳು ಯಂತ್ರಗಳಾಗಿ ಮಾಡಿ ಬಾಡಿಗೆಗೆ ಬಿಡುತ್ತದೆ. ಪ್ರತಿ ಬಾಡಿಗೆದಾರನೂ ಇಡೀ ಮನೆ ತನ್ನದೇ ಎಂದು ಮೆರೆಯುತ್ತಾನೆ. ಈ ಸುಳ್ಳು ಪ್ರೊಸೆಸರುಗಳಿಗೆ ಒಂದೊಂದು ನಂಬರು ಕೊಡಬೇಕು; ಯಾವ ಸಾಮಾನು ಎಲ್ಲಿದೆ ಎಂಬ ವಿಳಾಸಗಳನ್ನು ಅಸಲಿ ಚಿಪ್ ಆ ನಂಬರಿನ ಮೇಲೆಯೇ ನೆನಪಿಟ್ಟುಕೊಳ್ಳುತ್ತದೆ. ಒಬ್ಬರು ಬಿಟ್ಟ ನಂಬರನ್ನು ಇನ್ನೊಬ್ಬರಿಗೆ ಕೊಡುವ ಮುಂಚೆ ಹಳೇ ವಿಳಾಸಗಳನ್ನು ಒರೆಸಬೇಕು. ಇಲ್ಲದಿದ್ದರೆ ಹೊಸಬರು ಹಳಬರ ಮನೆಯ ಬಾಗಿಲು ತೆಗೆದು ಸೀದಾ ಒಳಗೆ ಹೋಗುತ್ತಾರೆ.

ಪ್ಯಾಚು ಬರೆದ ಮಹಾಶಯ, ವೇಗ ಬೇಕೆಂದು, ಒರೆಸುವ ಕೆಲಸವನ್ನು ಮುಂದಕ್ಕೆ ಹಾಕಿದ್ದ. ಬಿಡುವಾದಾಗ ಒರೆಸೋಣವಂತೆ! ನಾನು ತಕರಾರು ತೆಗೆದೆ. "ಇದರಿಂದ ನಿಜವಾಗಿ ತೊಂದರೆ ಆದವರು ಯಾರಾದರೂ ಇದ್ದರೆ ದಯವಿಟ್ಟು ತೋರಿಸಿ" ಎಂದು ಉತ್ತರ ಬಂತು. ಆ 'ದಯವಿಟ್ಟು' ನೋಡಿ ನನಗೆ ಪಿತ್ತ ನೆತ್ತಿಗೇರಿತು. ಉಳಿದವರೆಲ್ಲ ಆಗಲೇ ಒಪ್ಪಿಗೆ ಕೊಟ್ಟಾಗಿತ್ತು. ಸೋಮವಾರ ಸಂಜೆಯೊಳಗೆ ನಾನು ಬೇಡ ಅನ್ನದಿದ್ದರೆ ಅದು ಮುಖ್ಯ ಕೋಡಿಗೆ ಸೇರಿಬಿಡುತ್ತಿತ್ತು.

ಆ ದಿನಗಳಲ್ಲೇ ನಾನು ಆಫೀಸಿನ ಲಾಗಿನ್‌ಗೆಂದು ಹೊಸ ಸಿಮ್ ತೆಗೆದುಕೊಂಡಿದ್ದೆ. ಹಾಕಿದ ಗಳಿಗೆಯಿಂದ ಶುರುವಾಯಿತು. "ಅಡುಗೆ ಅಕ್ಕಾರಾ? ಹೊನ್ನಾಳಿಯಿಂದ್ರೀ. ಗೃಹಪ್ರವೇಶ ಐತೆ." ನನ್ನ ನಂಬರು ಮುಂಚೆ ಮದುವೆ ಮನೆಗಳಿಗೆ ಅಡುಗೆ ಮಾಡುವ ಹೆಂಗಸೊಬ್ಬರದಾಗಿತ್ತು. "ನಾನು ಅವರಲ್ಲ ರೀ" ಅಂದರೆ, "ಹಂಗಾರೆ ಅವ್ರೆಲ್ಲಿದಾರೆ?" ಎಂದು ನನಗೇ ಜೋರು ಮಾಡುವರು. ಆಮೇಲೆ ಬೇರೆ ಅಡುಗೆಯವರನ್ನು ಹುಡುಕಿಕೊಂಡು ಹೋಗುವರು. ರೇಗುತ್ತಿತ್ತು ನಿಜ; ಸಂಕಟವೂ ಆಗುತ್ತಿತ್ತು. ಯಾರೋ ಒಬ್ಬಾಕೆಯ ಅನ್ನ ನನ್ನ ಮನೆ ಬಾಗಿಲಿಗೆ ಬಂದು ಬಂದು ವಾಪಸ್ ಹೋಗುತ್ತಿತ್ತು. ಪರದೆಯ ಮೇಲೂ ಅದೇ ರೋಗ, ಫೋನಿನಲ್ಲೂ ಅದೇ ರೋಗ. ಆದರೆ ಆ ಮಹಾಶಯನಿಗೆ ಹೊನ್ನಾಳಿಯ ಗೃಹಪ್ರವೇಶವನ್ನು ಸಾಕ್ಷಿಯಾಗಿ ಕಳಿಸಲು ಬರುತ್ತದೆಯೇ?

ಶನಿವಾರ ಮಧ್ಯಾಹ್ನ ಚಹಾ ಕುಡಿಯಲು ಮನೆಗೆ ಬಂದರೆ ಅತ್ತೆ ರೇಷ್ಮೆ ಸೀರೆ ತೆಗೆದಿಟ್ಟುಕೊಂಡಿದ್ದರು.

"ನಾಳೆ ಜಗಳೂರಿಗೆ ಹೋಗಬೇಕು ಕಣೇ. ಸೀಮಂತ. ಬೆಳಿಗ್ಗೆ ನಿನ್ನ ಫೋನ್ ಇಲ್ಲೇ ಚಾರ್ಜಿಗಿತ್ತಲ್ಲ, ಆಗ ಕರೆದ್ರು."

"ಯಾರ ಮನೇದು?"

"ನಮ್ಮೋರೇ ಇರಬೇಕು. 'ತಪ್ಪಿಸಬ್ಯಾಡ್ರಿ, ನಿಮ್ಮನ್ನೇ ನಂಬೀವಿ' ಅಂದ್ರು. ಬರ್ತೀವಿ ಬಿಡ್ರಿ ಅಂದೆ."

"ಯಾರು ಅಂತ ಕೇಳಬಾರದಾ ಅತ್ತೆ?"

"ಕರೆಯೋರ್ನ 'ನೀವು ಯಾರು' ಅಂತ ಕೇಳಾಕೆ ಆಗತೈತೇನೇ? ಮಾನ ಹೋಗಲ್ವಾ?"

ಕರೆದದ್ದು ಅಡುಗೆ ಅಕ್ಕಾರನ್ನು ಎಂದು ನನಗೆ ಹೊಳೆಯಿತು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಜಗಳೂರಿನವರೇ. "ಅಕ್ಕಾರೇ, ಹಿತ್ತಲಾಗೆ ಒಲೆ ಹೂಡಿಸೀನಿ. ನಸುಕಿಗೇ ಬಂದುಬಿಡ್ರಿ ಮತ್ತೆ." ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು, "ಬೀಗರು ಬಸ್ ಮಾಡ್ಕೊಂಡು ಬರ್ತಾ ಅವ್ರೆ ತಾಯಿ. ನೀವು ಹೂಂ ಅಂದ ಮ್ಯಾಲೆ ನಾನು ಬೇರೆ ಯಾರಿಗೂ ಹೇಳಿಲ್ಲ" ಎಂದರು. ಗಂಡಸಿನ ದನಿ ನಡುಗುವುದನ್ನು ಕೇಳುವುದು ಬಲು ಕಷ್ಟ.

ಬಂದ ಕರೆಗಳನ್ನೆಲ್ಲ ಕೆದಕಿದೆ. ನ್ಯಾಮತಿಯಿಂದ ಪಾತ್ರೆ ಬಾಡಿಗೆ ಅಂಗಡಿಯವರೊಬ್ಬರು ಒಮ್ಮೆ, "ಅಕ್ಕಾರೇ, ನಿಮ್ಮ ಜಾಲರಿ ಸೌಟು ನಮ್ಮಲ್ಲೇ ಉಳಿದೈತೆ" ಅಂದಿದ್ದರು. ಸೌಟಿನ ಕಥೆ ಕೇಳಲು ನನಗೆಲ್ಲಿ ಪುರುಸೊತ್ತು, ಕಟ್ ಮಾಡಿದ್ದೆ. ಈಗ ಅವರನ್ನೇ ಅಣ್ಣಾರೇ ಅಣ್ಣಾರೇ ಎಂದು ಗೋಗರೆದೆ. "ಗೋವಿನಕೋವಿ ಊರೋರು ಕಣಮ್ಮ. ತಡೀರಿ, ಮಗನ ನಂಬರ್ ಐತೆ" ಎಂದು ಕೊಟ್ಟರು.

ಮಗನ ಫೋನಿನಲ್ಲಿ ಅಡುಗೆ ಅಕ್ಕ ಸಿಕ್ಕರು. ಕಾಲು ಮುರಿದು ಮಲಗಿದ್ದಾಗ ರೀಚಾರ್ಜ್ ಮಾಡಿಸದೆ ಹಳೇ ನಂಬರು ಹೋಗಿತ್ತು. ಎದ್ದ ಮೇಲೆ ಹೊಸದು ತೆಗೆದುಕೊಂಡಿದ್ದರು.

"ಯಾರೂ ಫೋನ್ ಮಾಡಲಿಲ್ಲ ಕಣವ್ವಾ. ನನ್ನ ಕೈರುಚಿ ಹೋತು, ಅದಕ್ಕೇ ಯಾರೂ ಕರೆಯಲ್ಲ ಅಂದ್ಕಂಡೆ. ಮನೆಯಾಗೂ ಒಲೆ ಮುಂದೆ ಕೂರಾಕೆ ಮನಸ್ಸಾಗ್ತಿರಲಿಲ್ಲ."

"ನಿಮ್ಮನ್ನ ಕೇಳಿ ದಿನಾ ಫೋನ್ ಬರ್ತವೆ ಅಕ್ಕಾರೇ. ನನ್ನ ತಲೆ ಚಿಟ್ಟು ಹಿಡಿದೈತೆ" ಅಂದೆ.

"ನಿಜವಾ?" ಅಂದರು. ಸ್ವಲ್ಪ ಹೊತ್ತು ಅಳುತ್ತಿದ್ದರು ಅನಿಸುತ್ತದೆ. ನಾನು ಜಗಳೂರಿನ ಸೀಮಂತದ ಸುದ್ದಿ ಹೇಳಿದೆ. ಅಕ್ಕ ಮೂಗು ಒರೆಸಿಕೊಂಡು, "ಜಗಳೂರಿನೋರಿಗೆ ಬ್ಯಾಳೆ ನೆನೆಹಾಕಾಕೆ ಹೇಳವ್ವಾ" ಎಂದರು.

ಭಾನುವಾರ ನಾವೂ ಹೋದೆವು. ಬರ್ತೀವಿ ಅಂದ ಮೇಲೆ ಹೋಗದೆ ಇರುವುದುಂಟೇ ಎಂದು ಅತ್ತೆ ಹಟ ಹಿಡಿದರು. ಬೀಗರು ನಮ್ಮನ್ನು ಮನೆಯವರ ಕಡೆಯವರೆಂದುಕೊಂಡರು, ಮನೆಯವರು ಅಡುಗೆಯವರ ಕಡೆಯವರೆಂದುಕೊಂಡರು. ಅತ್ತೆ ಎರಡೂ ಕಡೆ ಉಡಿ ತುಂಬಿಸಿಕೊಂಡು, ಪಲ್ಯಕ್ಕೆ ಉಪ್ಪು ಕಮ್ಮಿ ಎಂದು ಪುಕ್ಕಟೆ ರಿವ್ಯೂ ಕೊಟ್ಟು ಬಂದರು. ಹೋಳಿಗೆ ಮಾತ್ರ, ದೇವರಾಣೆ, ನಾಲಿಗೆಯ ಮೇಲೆ ಕರಗಿತು. ಕೈತೊಳೆಯುವಾಗ ಅಡುಗೆ ಅಕ್ಕ ನನ್ನ ಪಕ್ಕ ಬಂದು ನಿಂತು, "ಆ ನಂಬರು ನನಗೇ ವಾಪಸ್ ಕೊಡವ್ವಾ. ಊರೂರಿಗೆ ಅದೇ ಗೊತ್ತಿರೋದು" ಎಂದರು. ಅಲ್ಲೇ ಸಿಮ್ ತೆಗೆದು ಅವರ ಕೈಗಿಟ್ಟು, ನನ್ನ ಇನ್ನೊಂದು ನಂಬರು ಬರೆದುಕೊಟ್ಟೆ. ಕಂಪನಿಯ ದಾಖಲೆಯಲ್ಲಿ ಸಿಮ್ಮಿನ ಹೆಸರು ಆಮೇಲೆ ಬದಲಾಯಿಸಿದರಾಯಿತು ಅಂದುಕೊಂಡೆ. ಊರು ಮುಟ್ಟುವವರೆಗೂ ನನ್ನ ಬಗ್ಗೆ ನನಗೇ ಬಹಳ ಗೌರವ ಬಂದಿತ್ತು.

ಸೋಮವಾರ ಸಂಜೆ ಕೈ ಝಾಡಿಸಿಕೊಂಡು ತಕರಾರು ಬರೆಯಲು ಕೂತೆ. ಲಾಗಿನ್ ಓಟಿಪಿ ಕೇಳಿತು. ಓಟಿಪಿ ಆ ನಂಬರಿಗೆ ಹೋಯಿತು. ಅಯ್ಯೋ ನನ್ನ ತಲೆಯೇ! ಹಳೇ ವಿಳಾಸ ಒರೆಸದೆ ನಂಬರು ಕೊಡಬೇಡಿ ಎಂದು ಲೋಕಕ್ಕೆಲ್ಲ ಬುದ್ಧಿ ಹೇಳುವ ನಾನು, ನನ್ನದನ್ನು ಒರೆಸದೆಯೇ ಕೊಟ್ಟು ಬಂದಿದ್ದೆ.

ನನ್ನ ಇನ್ನೊಂದು ನಂಬರಿಗೆ ಅಡುಗೆ ಅಕ್ಕಾರ ಕರೆ ಬಂತು.

"ಯವ್ವಾ, ನಿನಗೆ ಏನೋ ನಂಬರ್ ಬಂದೈತೆ. ಯಾರಿಗೂ ಹೇಳಬ್ಯಾಡಿ ಅಂತ ಮಗ ಓದಿದ. ನಿನಗೆ ಹೇಳಬೌದಾ?"

"ಹೇಳ್ರಿ ಅಕ್ಕಾರೇ, ನಿಮ್ಮ ಕಾಲಿಗೆ ಬೀಳ್ತೀನಿ."

ತೊಂದರೆ ಆದವರನ್ನು ದಯವಿಟ್ಟು ತೋರಿಸಿ ಅಂದಿದ್ದನಲ್ಲ ಆ ಪ್ಯಾಚಿನ ಮಹಾಶಯ, ತಕರಾರಿನ ಮೊದಲ ಸಾಲಿನಲ್ಲೇ ನನ್ನ ಹೆಸರು ಬರೆಯುವುದೆಂದು ತೀರ್ಮಾನಿಸಿದೆ. ಅಕ್ಕ ಒಂದೊಂದೇ ಅಂಕಿ ಹೇಳುತ್ತಾ ನಡುವೆ ನಿಲ್ಲಿಸಿ, "ಜಲ್ದಿ ಬರ್ಕೋ ತಾಯಿ, ಹೊನ್ನಾಳಿಯೋರ ಫೋನ್ ಬರ್ತಾ ಐತೆ" ಎಂದರು.