ಹಿಂದಿನಿಂದ ಓದುತ್ತಿದ್ದ ಮೇಷ್ಟ್ರು

ಪಾಂಡವಪುರದ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತಿದ್ದ ಬೋರಪ್ಪ ಮೇಷ್ಟ್ರು ಏನನ್ನೇ ಆಗಲಿ ಹಿಂದಿನಿಂದ ಓದುವ ಆಸಾಮಿ. ಕಂಪನಿಗಳು ತಮ್ಮ ವಾರ್ಷಿಕ ವರದಿಯಲ್ಲಿ ಏನನ್ನು ಮರೆಮಾಚುತ್ತವೆ ಎಂಬುದೇ ಅವರ ಪಿಎಚ್.ಡಿ. ವಿಷಯ. ವರದಿ ಅಂಚೆಯಲ್ಲಿ ಮನೆಗೇ ಬರಲೆಂದು ಕಂಪನಿಗೊಂದರಂತೆ ಷೇರು ಕೊಂಡಿದ್ದರು. ಊರವರು ಅವರನ್ನು ಕೋಟ್ಯಧೀಶರೆಂದೇ ನಂಬಿದ್ದರು. ಬಣ್ಣದ ಫೋಟೊ, ಅಧ್ಯಕ್ಷರ ಭಾಷಣ ದಾಟಿ ನೇರ ಕೊನೆಯ ಪುಟದ ಅಡಿಟಿಪ್ಪಣಿಗೆ ಹೋಗುವರು. ಮದುವೆಯ ಕರೆಯೋಲೆಯನ್ನೂ ಹಾಗೇ ಓದಿ, ಊಟ ಎಷ್ಟು ಹೊತ್ತಿಗೆಂದು ಮೊದಲು ತಿಳಿಯುವರು. “ದಪ್ಪಕ್ಷರ ನಮ್ಗೆ ತೋರ್ಸಕ್ಕೆ, ಸಣ್ಣಕ್ಷರ ಕಾನೂನ್ಗೆ ಎದ್ರಕೊಂಡು ಬರ್ದಿರೋದು ಕಣ್ಲಾ,” ಎಂದು ಗೆಳೆಯ ಚಿಕ್ಕಸ್ವಾಮಿಗೆ ಪಾಠ. ತೊಂಬತ್ತಾರನೇ ಇಸವಿಯಲ್ಲಿ ಚಿಕ್ಕಸ್ವಾಮಿಯ ಹೆಂಡತಿ ತೀರಿಕೊಂಡಳು. ಕೇಳಿದವರಿಗೆಲ್ಲ ಅವನು “ಚೆನ್ನಾಗಿವ್ನಿ” ಎನ್ನುತ್ತಿದ್ದ, ಎಲ್ಲರೂ ನಂಬಿ ಹೋಗುತ್ತಿದ್ದರು. ಮೇಷ್ಟ್ರು ಮಾತ್ರ ನೆಟ್ಟಗೆ ಅಡುಗೆಮನೆಗೆ ಹೋಗಿ, ತಣ್ಣಗಿದ್ದ ಒಲೆ ಮುಟ್ಟಿ ಬಂದರು. “ಅಧ್ಯಕ್ಷರ ಭಾಷಣ ಸಾಕು ಬುಡ್ಲಾ. ಅಡಿಟಿಪ್ಪಣಿ ಓದು.” ಚಿಕ್ಕಸ್ವಾಮಿ ಅಂದು ಮೊದಲ ಸಲ ಅತ್ತ. ಅತ್ತು ಮುಗಿಯುವಷ್ಟರಲ್ಲಿ ಮೇಷ್ಟ್ರು ಮುದ್ದೆಗೆ ಎಸರಿಟ್ಟಿದ್ದರು. ಈಗ ಮೇಷ್ಟ್ರೂ ಇಲ್ಲ. ಅವರ ತಿಥಿ ಮುಗಿಸಿ ಬಂದ ಚಿಕ್ಕಸ್ವಾಮಿಯನ್ನು ಪಕ್ಕದ ಮನೆಯ ದೊಡ್ಡತಾಯಮ್ಮ “ಎಂಗಿದ್ದೀಯಪ್ಪಾ?” ಎಂದು ಕೇಳಿದರು. ಚೆನ್ನಾಗಿದ್ದೇನೆ ಎನ್ನಲು ಬಾಯಿ ತೆರೆದವನು, ಮನಸ್ಸಿನಲ್ಲೇ ಮೇಷ್ಟ್ರಿಗೆ ಕೈಮುಗಿದು, “ಒಟ್ಟೆ ಅಸೀತಾ ಅದೆ ಕಣವ್ವ, ಒಬ್ನೇ ಕೂತು ಉಣ್ಣಕ್ಕಾಯ್ತಿಲ್ಲ” ಎಂದ.